ಸಿಸ್ಟರ್ ಅಂದ್ರೆ ಯಾರು? ಸೈಕಲ್ ದೀದಿಯ ಊರು, ರಾಣಿ ಮರಿಯಾ ಬಿಡಿಸಿದ ಬಡ್ಡಿ ಲೆಕ್ಕ

ಸಿಸ್ಟರ್ ಅಂದ ಕೂಡಲೇ ನಮ್ಮ ಬ್ಯಾಚಿನ ಅರ್ಧ ಜನಕ್ಕೆ ನೆನಪಾಗೋದು ಒಂದೇ ಚಿತ್ರ. ಬಿಳಿ ಉಡುಪು, ಕೈಯಲ್ಲಿ ಸ್ಕೇಲು. ಕಾರಿಡಾರಿನ ಆ ತುದಿಯಲ್ಲಿ ಅವರು ಕಾಣಿಸಿದ್ರೆ ಸಾಕು, ಈ ತುದಿಯ ಸಾಲು ತಾನಾಗೇ ನೆಟ್ಟಗಾಗೋದು. ನಾವು ಮೂವರು ಓದಿದ್ದು ಬೇರೆ ಬೇರೆ ಊರಿನ ಬೇರೆ ಬೇರೆ ಸ್ಕೂಲಲ್ಲಿ. ಆದರೂ ಒಂದು ವಿಷಯ ಮೂವರಿಗೂ ಕಾಮನ್: ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ಫೈನ್. ಅದೇ ನಾವು ಈಗ ಕನ್ನಡ ಸಂಘದ ಮ್ಯಾಗಜೀನಿಗೆ ಬರೀತಾ ಕೂತಿದ್ದೀವಿ. ಒತ್ತಕ್ಷರ ತಪ್ಪಿದ್ದಲ್ಲೆಲ್ಲ ಎಡಿಟರ್ ತಿದ್ದಿದ್ದಾರೆ, ಇನ್ನೂ ಉಳಿದಿದ್ರೆ ಬೈದುಕೊಂಡು ಓದಿ.

ಈ ಲೇಖನ ಹುಟ್ಟಿದ್ದು ಥರ್ಡ್ ಸೆಮ್‌ನ 'ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಸಬ್ಜೆಕ್ಟ್‌ನಿಂದ. ನಿಮಗೆಲ್ಲ ಗೊತ್ತಿರೋದೇ: ಒಂದು ಗಿಡ ನೆಡಬೇಕು, ಒಂದು ಹಳ್ಳಿಗೋ ಶಾಲೆಗೋ ಹೋಗಬೇಕು, ಫೋಟೋ ತೆಗೀಬೇಕು, ರಿಪೋರ್ಟ್ ಸ್ಪೈರಲ್ ಬೈಂಡ್ ಮಾಡಿಸಬೇಕು. ನಾವು ದೂರ ಹೋಗಲಿಲ್ಲ. ನಮ್ಮ ಹೊಸ ಹಾಸ್ಟೆಲ್ ಬ್ಲಾಕ್ ಕಟ್ಟುತ್ತಿರೋ ಕಡೆ ತಗಡಿನ ಶೆಡ್‌ಗಳಿವೆಯಲ್ಲ, ಒಂದು ಶನಿವಾರ ಅಲ್ಲಿಗೆ ಹೋದ್ವಿ. ಹನ್ನೊಂದು ಮಕ್ಕಳು ಸಿಕ್ಕಿದರು. ಅರ್ಧ ರಾಯಚೂರು, ಯಾದಗಿರಿ ಕಡೆಯವರು, ಅರ್ಧ ಬಿಹಾರದವರು. ಸ್ಲೇಟು, ಬಳಪ, ಬಿಸ್ಕೆಟ್ ಕೊಟ್ಟು, ಅಆಇಈ ಬರೆಸಿ, ಹಿಂದಿ ಮಕ್ಕಳಿಗೆ ಒಂದರಿಂದ ಹತ್ತು ಹೇಳಿಸಿ, ಗ್ರೂಪ್ ಫೋಟೋ ತೆಗೆದುಕೊಂಡು ಬಂದ್ವಿ. ಹೊರಡುವಾಗ ಎಂಟು ವರ್ಷ ಇರಬಹುದಾದ ಒಬ್ಬಳು ಹುಡುಗಿ ಹಿಂದಿಯಲ್ಲಿ ಕೇಳಿದಳು, ನಾಳೆ ಬರ್ತೀರಾ ಅಂತ. ಮುಂದಿನ ವಾರ ಅಂದ್ವಿ. ಮುಂದಿನ ವಾರ ಇಂಟರ್ನಲ್ಸ್ ಇತ್ತು. ಅದರ ಮುಂದಿನ ವಾರ ಫೆಸ್ಟ್. ನಾವು ಹೋಗಲಿಲ್ಲ.

ರಿಪೋರ್ಟ್‌ಗೆ ಪೀಠಿಕೆ ಬರೆಯೋದಕ್ಕೆ, ಬಡವರ ಮಧ್ಯೆ ಓದಿಸುವ ಕೆಲಸ ಮಾಡಿದವರ ಬಗ್ಗೆ ಓದುವಾಗ ಸಿಕ್ಕಿದ ಹೆಸರು ಸುಧಾ ವರ್ಗೀಸ್. 2006ರಲ್ಲಿ ಪದ್ಮಶ್ರೀ ಪಡೆದ ಕ್ರೈಸ್ತ ಸನ್ಯಾಸಿನಿ. ಬಿಹಾರದ ಜನ ಅವರನ್ನು ಕರೆಯೋದು 'ಸೈಕಲ್ ದೀದಿ' ಅಂತ. ನಾವು ಮೊದಲು ನೋಡಿದ್ದು ಅವರು ಏನು ಮಾಡಿದರು ಅನ್ನೋದನ್ನಲ್ಲ, ಅಲ್ಲಿ ಎಷ್ಟು ದಿನ ಇದ್ದರು ಅನ್ನೋದನ್ನ. ಎರಡು ದಶಕ. ಅದೂ ಹಳ್ಳಿಯ ಒಳಗೇ, ಆ ಜನರ ಮಧ್ಯೆಯೇ.

ಮೊದಲು ಆ ಜನ ಯಾರು ಅಂತ ತಿಳಿದುಕೊಳ್ಳಬೇಕು. ಬಿಹಾರದಲ್ಲಿ ಮುಸಹರ್ ಅನ್ನೋ ಸಮುದಾಯ ಇದೆ, ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಕೊನೆಯ ಮೆಟ್ಟಿಲಲ್ಲಿ ಇರುವವರು. ಹೆಸರಿನಲ್ಲೇ ಇಲಿ ಇದೆ, 'ಮೂಸ್' ಅಂದರೆ ಇಲಿ. ಭತ್ತದ ಕಟಾವು ಮುಗಿದ ಮೇಲೆ ಗದ್ದೆಯ ಬಿಲಗಳನ್ನು ಅಗೆದು ಇಲಿ ಹಿಡಿಯೋದು, ಇಲಿ ಕೂಡಿಟ್ಟ ಕಾಳನ್ನು ಬಾಚಿಕೊಳ್ಳೋದು, ಎರಡನ್ನೂ ತಿಂದು ಹಸಿವು ಕಳೆಯೋದು. ಆ ಹೆಸರು ಅವರ ಮೇಲೆ ಹಾಗೇ ಕೂತುಬಿಟ್ಟಿದೆ. ಸ್ವಂತ ಜಮೀನು ಅನ್ನೋದು ಹೆಚ್ಚುಕಮ್ಮಿ ಇಲ್ಲ. ಊರಾಚೆ ಒತ್ತೊತ್ತಾಗಿ ಮಣ್ಣಿನ ಗುಡಿಸಲುಗಳು, ಅದಕ್ಕೆ 'ಮುಸಹರಿ' ಅಂತ ಹೆಸರು. ಊರವರ ಗದ್ದೆಯಲ್ಲಿ ಕೂಲಿ, ಇಲ್ಲವೇ ಇಟ್ಟಿಗೆ ಗೂಡಿನಲ್ಲಿ ಕೂಲಿ. 2001ರ ಜನಗಣತಿಯಲ್ಲಿ ಬಿಹಾರದ ಒಟ್ಟು ಸಾಕ್ಷರತೆ ಶೇ. 47 ಇದ್ದಾಗ ಮುಸಹರರದ್ದು ಶೇ. 9ರ ಆಸುಪಾಸು. ನೂರು ಜನರಲ್ಲಿ ಒಂಬತ್ತು ಜನ! ನಮ್ಮ ಕ್ಲಾಸಿನ ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟೇ ಇದಕ್ಕಿಂತ ಉದ್ದ ಇರುತ್ತೆ.

'ಮಾಂಝಿ: ದ ಮೌಂಟನ್ ಮ್ಯಾನ್' ಸಿನಿಮಾ ಹಾಸ್ಟೆಲ್‌ನಲ್ಲಿ ಎಲ್ಲರೂ ನೋಡಿದ್ದೀರಿ. ಗಯಾ ಹತ್ತಿರದ ಗೆಹ್ಲೌರ್‌ನಲ್ಲಿ ಸುತ್ತಿಗೆ, ಉಳಿ ಹಿಡಿದು 22 ವರ್ಷ ಬೆಟ್ಟ ಕಡಿದು ದಾರಿ ಮಾಡಿದ ದಶರಥ ಮಾಂಝಿ ಇದೇ ಸಮುದಾಯದವರು. ಸಿವಿಲ್‌ನವರು ಅವರ ಕಥೆಯನ್ನು ಮೋಟಿವೇಶನ್ ಸ್ಟೇಟಸ್ ಹಾಕ್ತೀವಿ. ಒಬ್ಬ ಮನುಷ್ಯ ಒಂದು ರಸ್ತೆಗಾಗಿ 22 ವರ್ಷ ಒಬ್ಬನೇ ಕಲ್ಲು ಕಡಿಯೋ ಸ್ಥಿತಿ ಯಾಕೆ ಬಂತು ಅಂತ ಮಾತ್ರ ಕೇಳೋದಿಲ್ಲ.

ಸುಧಾ ಹುಟ್ಟಿದ್ದು ಕೇರಳದ ಕೊಟ್ಟಾಯಂ ಕಡೆ, 1949ರಲ್ಲಿ. ಮನೆಯಲ್ಲಿ ಅನುಕೂಲಕ್ಕೆ ಕೊರತೆ ಇರಲಿಲ್ಲ. ಶಾಲೆಯಲ್ಲಿದ್ದಾಗ ಬಿಹಾರದ ಬಡತನದ ಬಗ್ಗೆ ಒಂದು ಪತ್ರಿಕೆಯಲ್ಲಿ ಓದಿ, ಅಲ್ಲಿಗೇ ಹೋಗ್ತೀನಿ ಅಂತ ಹಠ ಹಿಡಿದರು. ಮನೆಯವರು ಬೇಡ ಅಂದರು. 1960ರ ದಶಕದ ನಡುವೆ, ನಮಗಿಂತ ಚಿಕ್ಕ ವಯಸ್ಸಲ್ಲಿ, ಬಿಹಾರಕ್ಕೆ ಬಂದು ನೋಟ್ರ್ ಡೇಮ್ ಸಿಸ್ಟರ್ಸ್ ಸಭೆ ಸೇರಿದರು. ಮನೆಮಾತು ಮಲಯಾಳಂ, ಹಿಂದಿಯನ್ನೂ ಇಂಗ್ಲಿಷನ್ನೂ ಅಲ್ಲಿ ಬಂದು ಕಲಿತದ್ದು. ಆಮೇಲೆ ಸಭೆ ನಡೆಸುವ ಸ್ಕೂಲುಗಳಲ್ಲಿ ಟೀಚರ್ ಆದರು.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು, ಯಾಕಂದ್ರೆ ನಮಗೂ ಗೊತ್ತಿರಲಿಲ್ಲ. ಸಿಸ್ಟರ್ ಆಗೋದು ಅಂದರೆ ಮೂರು ವ್ರತ ತೊಡೋದು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಸಂಬಳ ಬಂದರೂ ಅದು ಸಭೆಗೆ, ತನಗಲ್ಲ. ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ಹಾಗಂತ ಎಲ್ಲ ಸಿಸ್ಟರ್‌ಗಳೂ ಗುಡಿಸಲಲ್ಲಿ ಇರ್ತಾರೆ ಅಂತಲ್ಲ. ನಗರದ ದೊಡ್ಡ ಕಾನ್ವೆಂಟ್‌ನಲ್ಲಿ ಊಟ, ಹಾಸಿಗೆ, ಗಂಟೆಗೊಂದು ಪ್ರಾರ್ಥನೆ, ಶಿಸ್ತಿನ ಜೀವನ. ಅಲ್ಲಿ ಓದುವ ಮಕ್ಕಳೂ ಫೀಸ್ ಕಟ್ಟಬಲ್ಲವರ ಮಕ್ಕಳೇ. ಸುಧಾ ಅವರಿಗೆ ಕಸಿವಿಸಿ ಆಗಿದ್ದು ಇಲ್ಲಿ. ಬಡವರಿಗಾಗಿ ಬಂದು ಬಡವರಿಂದ ದೂರ ಆರಾಮಾಗಿ ಇದ್ದೀನಲ್ಲ ಅಂತ. ನಮ್ಮನ್ನು ಫೈನ್ ಹಾಕಿಸಿದ ಸಿಸ್ಟರ್‌ಗಳಲ್ಲೂ ಯಾರಿಗಾದರೂ ಈ ಕಸಿವಿಸಿ ಇತ್ತೇನೋ, ನಾವು ಕೇಳಿದವರಲ್ಲ.

1980ರ ದಶಕದ ನಡುವೆ ಅವರು ಪಟ್ನಾ ಪಕ್ಕದ ದಾನಾಪುರದ ಜಮ್ಸೌತ್ ಅನ್ನೋ ಹಳ್ಳಿಯ ಮುಸಹರಿಗೆ ಬಂದು ನೆಲೆಸಿದರು. ಊರವರು ಕಾಳು ಇಡುತ್ತಿದ್ದ ಒಂದು ಕೋಣೆಯೇ ಮನೆ. ಓಡಾಟಕ್ಕೆ ಒಂದು ಸೈಕಲ್. ಸೀರೆ ಉಟ್ಟು ಸೈಕಲ್ ತುಳಿಯುತ್ತಾ ಮುಸಹರಿಯಿಂದ ಮುಸಹರಿಗೆ ಹೋಗುವ ಹೆಂಗಸು ಆ ಭಾಗದಲ್ಲಿ ಹೊಸತು, ಆ ಹೆಸರು ಬಂದದ್ದು ಹಾಗೆ. 1987ರಲ್ಲಿ 'ನಾರೀ ಗುಂಜನ್' ಅನ್ನೋ ಸಂಸ್ಥೆ ಶುರು ಮಾಡಿದರು. ಹೆಂಗಸರ ದನಿ ಅಂತ ಅರ್ಥ ಮಾಡಿಕೊಳ್ಳಬಹುದು.

(ಸೈಕಲ್ ವಿಷಯ ಬಂತಲ್ಲ, ಒಂದು ಮಾತು. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡೋ ಯೋಜನೆ ತಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ ನೋಡಿದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ. 30 ಏರಿತ್ತು. ಸ್ಕೂಲು ದೂರ ಇದ್ದ ಹಳ್ಳಿಗಳಲ್ಲಿ ಪರಿಣಾಮ ಇನ್ನೂ ಜಾಸ್ತಿ. ನಮ್ಮ ಕರ್ನಾಟಕದಲ್ಲೂ ಅದೇ ಹೊತ್ತಿಗೆ ಎಂಟನೇ ಕ್ಲಾಸಿನವರಿಗೆ ಸೈಕಲ್ ಬಂತು. ನಮ್ಮಲ್ಲೊಬ್ಬನ ಅಕ್ಕ ಅದರಲ್ಲೇ ಹೈಸ್ಕೂಲು ಮುಗಿಸಿದ್ದು.)

ಹಳ್ಳಿಗೆ ಬಂದ ಮೇಲೆ ಓದಿಸೋದು ಸುಲಭ ಅಂತ ನಾವು ಅಂದುಕೊಂಡಿದ್ವಿ. ಒಂದು ಬೋರ್ಡು, ಒಂದು ಮರದ ನೆರಳು, ಮಕ್ಕಳು. ಅಷ್ಟೇ ತಾನೇ? ಆದರೆ ಮಕ್ಕಳೇ ಇರೋದಿಲ್ಲ. ಇದು ಯಾಕೆ ಅಂತ ಅರ್ಥ ಆಗಬೇಕಾದರೆ ಇಟ್ಟಿಗೆ ಗೂಡು ಹೇಗೆ ನಡೆಯುತ್ತೆ ಅಂತ ನೋಡಬೇಕು.

ಸಿವಿಲ್‌ನವರು ಲ್ಯಾಬಲ್ಲಿ ಇಟ್ಟಿಗೆ ಟೆಸ್ಟ್ ಮಾಡಿದ್ದೀವಿ. ಒಣ ತೂಕ ನೋಡು, 24 ಗಂಟೆ ನೀರಲ್ಲಿ ಮುಳುಗಿಸು, ಮತ್ತೆ ತೂಗು, ನೀರಿನ ಹೀರಿಕೆ ಶೇ. 20 ದಾಟಬಾರದು. ವೈವಾದಲ್ಲಿ ಇದನ್ನು ಕೇಳ್ತಾರೆ. ಆ ಇಟ್ಟಿಗೆಯ ಅಚ್ಚು ಹಾಕಿದ್ದು ಯಾರು ಅಂತ ಕೇಳಲ್ಲ. ಮಳೆಗಾಲ ಮುಗಿದ ಮೇಲೆ, ನವೆಂಬರ್ ಸುಮಾರಿಗೆ, ಗೂಡಿನ ಸೀಸನ್ ಶುರು. ಮತ್ತೆ ಮಳೆ ಬರೋ ತನಕ, ಅಂದರೆ ಜೂನ್‌ವರೆಗೆ. ಕೂಲಿ ಕೊಡೋದು ದಿನದ ಲೆಕ್ಕದಲ್ಲಲ್ಲ, ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಹಾಗಾಗಿ ಕೆಲಸ ಮಾಡೋದು ಒಬ್ಬ ಆಳಲ್ಲ, ಇಡೀ ಕುಟುಂಬ. ಅಪ್ಪ ಮಣ್ಣು ಕಲಸಿದರೆ ಅಮ್ಮ ಅಚ್ಚಿಗೆ ಬಡಿಯುತ್ತಾಳೆ, ಮಕ್ಕಳು ಹಸಿ ಇಟ್ಟಿಗೆಯನ್ನು ಮಗ್ಗುಲು ತಿರುಗಿಸಿ ಒಣಗಿಸುತ್ತವೆ. ಸೀಸನ್ನಿಗೆ ಮೊದಲೇ ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಅದು ಮದುವೆಗೋ ಕಾಯಿಲೆಗೋ ಖರ್ಚಾಗಿರುತ್ತೆ. ಮುಂಗಡ ತೀರೋ ತನಕ ಅಲ್ಲಿಂದ ಏಳೋ ಹಾಗಿಲ್ಲ.

ಈಗ ಇದನ್ನು ಶಾಲೆಯ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ಮಗು ಶಾಲೆ ಸೇರಿ ನಾಲ್ಕು ಅಕ್ಷರ ಕಲಿಯೋ ಹೊತ್ತಿಗೆ ಊರು ಬಿಡುತ್ತೆ. ವಾಪಸ್ ಬರುವಾಗ ವರ್ಷ ಮುಗಿದಿರುತ್ತೆ. ಎರಡು ವರ್ಷ ಹೀಗಾದರೆ ಆ ಮಗು ಮತ್ತೆ ಶಾಲೆ ಕಡೆ ತಲೆ ಹಾಕಲ್ಲ. ಹುಡುಗಿಯಾದರೆ ಇನ್ನೂ ಕಷ್ಟ: ತಮ್ಮನನ್ನು ಎತ್ತಿಕೊಳ್ಳಬೇಕು, ಒಲೆ ನೋಡಬೇಕು, ಹದಿಮೂರು ಹದಿನಾಲ್ಕಕ್ಕೆ ಮದುವೆ. ಶಾಲೆಗೆ ಹೋದರೂ ಬೇರೆ ಜಾತಿಯ ಮಕ್ಕಳು ಪಕ್ಕದಲ್ಲಿ ಕೂರಲ್ಲ.

ಸುಧಾ ಅವರ ಸಂಸ್ಥೆ ಮೊದಲು ಮಾಡಿದ್ದು ಶಾಲೆ ಮುಖ ನೋಡದ ದೊಡ್ಡ ಹುಡುಗಿಯರಿಗಾಗಿ ಮುಸಹರಿಗಳ ಒಳಗೇ ಕಲಿಕಾ ಕೇಂದ್ರಗಳನ್ನು ತೆರೆದದ್ದು. ಓದು ಬರಹದ ಜೊತೆ ಹೊಲಿಗೆ, ಆರೋಗ್ಯದ ಮಾತು. ಆದರೆ ಹುಡುಗಿ ಹಳ್ಳಿಯಲ್ಲೇ ಇದ್ದರೆ ಗೂಡು, ಮದುವೆ, ತಮ್ಮಂದಿರು ಎಲ್ಲ ಅವಳನ್ನು ಮತ್ತೆ ಎಳೆಯುತ್ತಾ ಇರುತ್ತವೆ. ಆದ್ದರಿಂದ 2005-06ರ ಹೊತ್ತಿಗೆ ದಾನಾಪುರದಲ್ಲಿ 'ಪ್ರೇರಣಾ' ಅನ್ನೋ ಹಾಸ್ಟೆಲ್ ಬಂತು, ಮುಸಹರ್ ಹುಡುಗಿಯರಿಗೆ ಅಂತಲೇ. ಮುಂದೆ ಗಯಾದಲ್ಲಿ ಇನ್ನೊಂದು. ಅಪ್ಪ ಅಮ್ಮ ಗೂಡಿಗೆ ಹೋದರೂ ಮಗಳು ಇಲ್ಲಿ ಇರುತ್ತಾಳೆ, ವರ್ಷ ಪೂರ್ತಿ ಓದುತ್ತಾಳೆ. ಪಾಠದ ಜೊತೆ ಕರಾಟೆ ಕಲಿಸ್ತಾರೆ. ನಮಗೆ ಇದು ತುಂಬಾ ಇಷ್ಟ ಆಯ್ತು. ರಜೆಗೆ ಮನೆಗೆ ಹೋದಾಗ ದಾರಿಯಲ್ಲಿ ಅಡ್ಡ ಹಾಕಿದವನಿಗೆ ವ್ಯಾಕರಣ ಗೊತ್ತಿರಲ್ಲ ಅಲ್ವಾ.

ಶಿಕ್ಷಣ ಒಂದೇ ಆಗಿದ್ದಿದ್ರೆ ಯಾರಿಗೂ ತೊಂದರೆ ಇರ್ತಿರಲಿಲ್ಲ, ಸುಧಾ ಅವರಿಗೂ ಬೆದರಿಕೆ ಬರ್ತಿರಲಿಲ್ಲ. ಅವರು ಕಾನೂನು ಓದಿದರು. ಹಳ್ಳಿಯಲ್ಲಿ ಇದ್ದ ಮೇಲೆ ಅವರಿಗೆ ಕಂಡದ್ದು ಏನಂದ್ರೆ, ಮುಸಹರ್ ಹೆಂಗಸಿನ ಮೇಲೆ ಅತ್ಯಾಚಾರ ಆದರೂ ಪೊಲೀಸ್ ಸ್ಟೇಷನ್‌ನಲ್ಲಿ ದೂರು ಬರೆದುಕೊಳ್ಳೋದೇ ಇಲ್ಲ. ಓದು ಬಾರದವರು ದೂರು ಕೊಡೋದು ಹೇಗೆ? ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ, ಜಾರಿಯಾದದ್ದು 1990ರ ಜನವರಿಯಲ್ಲಿ. ಆ ಕಾಯ್ದೆಯಲ್ಲಿ ಆರೋಪಿಗೆ ನಿರೀಕ್ಷಣಾ ಜಾಮೀನು ಇಲ್ಲ. ಕರ್ತವ್ಯ ಬೇಕಂತಲೇ ಮಾಡದ ಸರ್ಕಾರಿ ನೌಕರನಿಗೂ ಶಿಕ್ಷೆ ಇದೆ. ಪುಸ್ತಕದಲ್ಲಿ ಇರೋ ಇದನ್ನು ಸ್ಟೇಷನ್ನಿನ ಮೇಜಿನ ಮೇಲೆ ತಂದು ಇಡೋದಕ್ಕೆ ಯಾರಾದರೂ ಬೇಕಿತ್ತು. ಸೈಕಲ್ ದೀದಿ ಆ ಕೆಲಸ ಮಾಡಿದರು. ಅದರಿಂದಲೇ ಮೇಲ್ಜಾತಿಯ ಕೆಲವರಿಂದ ಕೊಲೆ ಬೆದರಿಕೆ ಬಂದು, ಕೊನೆಗೆ ಜಮ್ಸೌತ್‌ನ ವಾಸ ಬಿಡಬೇಕಾಯಿತು.

ಇಷ್ಟು ಓದಿ ಚರ್ಚೆ ಮಾಡುವಾಗ ನಮ್ಮಲ್ಲೊಬ್ಬ ನೇರವಾಗಿ ಕೇಳಿದ: ಇದೆಲ್ಲಾ ಮತಾಂತರಕ್ಕೆ ಅಲ್ವೇನೋ? ಓದುತ್ತಿರೋ ನಿಮ್ಮಲ್ಲೂ ಕೆಲವರಿಗೆ ಈ ಪ್ರಶ್ನೆ ಬಂದಿರುತ್ತೆ, ಅದಕ್ಕೆ ಮುಚ್ಚಿಡದೆ ಬರೀತಿದ್ದೀವಿ. ಅವತ್ತು ಕ್ಯಾಂಟೀನಲ್ಲಿ ಜಗಳವೇ ಆಯ್ತು. ಆಮೇಲೆ ಕಾನೂನು ತೆಗೆದು ನೋಡಿದಾಗ ಒಂದು ವಿಷಯ ಸಿಕ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಆದವರು ಮಾತ್ರ ಪರಿಶಿಷ್ಟ ಜಾತಿಯವರು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು ಸೇರಿಸಿಲ್ಲ. ಅಂದರೆ ಒಬ್ಬ ಮುಸಹರ್ ಹೆಂಗಸು ಕ್ರೈಸ್ತಳಾದರೆ ಆ ಕ್ಷಣವೇ ಅವಳಿಗೆ ಪರಿಶಿಷ್ಟ ಜಾತಿಯ ಸ್ಥಾನ ಹೋಗುತ್ತೆ, ಅದರ ಜೊತೆಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಗುತ್ತೆ. ಸುಧಾ ಅವರ ಕೈಯಲ್ಲಿದ್ದ ದೊಡ್ಡ ಆಯುಧವೇ ಆ ಕಾಯ್ದೆ. ಆ ಜನ ತಮ್ಮ ಧರ್ಮದಲ್ಲೇ ಇದ್ದರೆ ಮಾತ್ರ ಆ ಆಯುಧ ಕೆಲಸ ಮಾಡೋದು. ಪ್ರಶ್ನೆ ಕೇಳಿದವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದು ಗೊತ್ತಿರಲಿಲ್ಲ ಅಂದ. ನಮಗೂ ಗೊತ್ತಿರಲಿಲ್ಲ. ಎಲ್ಲ ಮಿಷನರಿಗಳ ಬಗ್ಗೆ ಇದೊಂದೇ ಉತ್ತರ ಅಂತ ನಾವು ಹೇಳ್ತಿಲ್ಲ, ಇವರ ಕೆಲಸವನ್ನು ನೋಡಿ ಹೇಳ್ತಿದ್ದೀವಿ.

ನಾರೀ ಗುಂಜನ್‌ನ ಇನ್ನೊಂದು ಕೆಲಸ ಹೇಳದೆ ಮುಂದೆ ಹೋಗೋಕಾಗಲ್ಲ. ದಾನಾಪುರದ ಹತ್ತಿರದ ಢಿಬ್ರಾ ಹಳ್ಳಿಯ ಹತ್ತು ಹೆಂಗಸರು 2013ರ ಸುಮಾರಿಗೆ ಬ್ಯಾಂಡ್ ಸೆಟ್ ಶುರು ಮಾಡಿದರು. ಗದ್ದೆ ಕೂಲಿಗೆ ಹೋಗುತ್ತಿದ್ದವರು ಡ್ರಮ್ ಹೆಗಲಿಗೆ ಹಾಕಿಕೊಂಡು ಮದುವೆ ಮೆರವಣಿಗೆಯಲ್ಲಿ ಬಾರಿಸೋದು! ಊರವರು ನಕ್ಕರು, ಮನೆಯಲ್ಲಿ ಗಂಡಂದಿರು ಗೊಣಗಿದರು. ಕೂಲಿಗಿಂತ ಜಾಸ್ತಿ ದುಡ್ಡು ಬರೋಕೆ ಶುರುವಾದ ಮೇಲೆ ಗೊಣಗಾಟ ನಿಂತಿತು. ಯಾವ ಬೀದಿಯಲ್ಲಿ ತಲೆ ತಗ್ಗಿಸಿ ನಡೀಬೇಕಿತ್ತೋ ಅದೇ ಬೀದಿಯಲ್ಲಿ ಯೂನಿಫಾರ್ಮ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ನಡೆಯೋದು. ನಮ್ಮ ಫೆಸ್ಟ್‌ಗೆ ಸೆಲೆಬ್ರಿಟಿ ಬದಲು ಇವರನ್ನು ಕರೆಸಬಾರದಾ ಅಂತ ಕಲ್ಚರಲ್ ಕಮಿಟಿಯವರನ್ನು ಕೇಳಿದ್ವಿ. ಬಜೆಟ್ ನೋಡೋಣ ಅಂದಿದ್ದಾರೆ.

ಈಗ ಇನ್ನೊಬ್ಬ ಸಿಸ್ಟರ್. ಇವರ ಕಥೆ ಚಿಕ್ಕದು, ಯಾಕಂದ್ರೆ ಬದುಕೇ ಚಿಕ್ಕದಾಯಿತು.

ರಾಣಿ ಮರಿಯಾ ಕೂಡ ಕೇರಳದವರು. ಪೆರುಂಬಾವೂರ್ ಹತ್ತಿರದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದವರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆ ಸೇರಿ ಉತ್ತರ ಪ್ರದೇಶದ ಬಿಜ್ನೋರ್, ಮಧ್ಯಪ್ರದೇಶದ ಸತ್ನಾ ಕಡೆಯೆಲ್ಲ ಕೆಲಸ ಮಾಡಿ, 1992ರಲ್ಲಿ ಇಂದೋರ್ ಕಡೆಯ ದೇವಾಸ್ ಜಿಲ್ಲೆಯ ಉದಯನಗರಕ್ಕೆ ಬಂದರು. ಕಾಡಂಚಿನ ಆದಿವಾಸಿ ಹಳ್ಳಿಗಳು. ಅಲ್ಲಿ ಎಲ್ಲರೂ ಸಾಲದಲ್ಲಿ. ಸಾಲ ಕೊಡೋನು ಊರಿನ ಜಮೀನ್ದಾರ, ಬಡ್ಡಿ ಅವನು ಹೇಳಿದ್ದು, ಲೆಕ್ಕದ ಪುಸ್ತಕ ಅವನ ಹತ್ತಿರ. ಓದು ಬಾರದವನು ಹೆಬ್ಬೆಟ್ಟು ಒತ್ತಿ ಬರ್ತಾನೆ. ತೀರಿಸಲಾಗದಿದ್ದರೆ ಅವನ ಹೊಲದಲ್ಲೇ ಪುಗಸಟ್ಟೆ ದುಡಿತ.

ನಮ್ಮ ಕಡೆ ಮೀಟರ್ ಬಡ್ಡಿ ಅಂತೀವಲ್ಲ, ಅದರ ಲೆಕ್ಕ ಒಂದು ಸಲ ಮಾಡಿ ನೋಡೋಣ. ಇದು ಉದಾಹರಣೆ ಅಷ್ಟೇ, ಉದಯನಗರದ ದರ ಅಲ್ಲ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ ಅಂದರೆ ಕೇಳೋಕೆ 'ಹತ್ತು ಪರ್ಸೆಂಟ್'. ಸಾವಿರ ರೂಪಾಯಿ ತಗೊಂಡು ಬಡ್ಡಿ ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರುತ್ತೆ. 1.1ರ ಹನ್ನೆರಡನೇ ಘಾತ 3.138. ವರ್ಷದ ಕೊನೆಗೆ 3,138 ರೂಪಾಯಿ. ಮೂರು ಪಟ್ಟು! ಎರಡನೇ ವರ್ಷದ ಕೊನೆಗೆ ಒಂಬತ್ತು ಸಾವಿರದ ಎಂಟುನೂರು ದಾಟುತ್ತೆ. ಎಕ್ಸ್‌ಪೊನೆನ್ಷಿಯಲ್ ಗ್ರೋಥ್ ಅಂತ ಮ್ಯಾಥ್ಸಲ್ಲಿ ಗ್ರಾಫ್ ಬಿಡಿಸಿ ಐದು ಮಾರ್ಕ್ಸ್ ತಗೊಂಡಿದ್ದೀವಿ. ಆ ಗ್ರಾಫಿನ ಮೇಲೆ ಒಂದು ಕುಟುಂಬ ನಿಂತಿದೆ ಅಂತ ಅಂದುಕೊಳ್ಳಿ.

ಇದರ ಎದುರು ಇನ್ನೊಂದು ಲೆಕ್ಕ. ಇಪ್ಪತ್ತು ಹೆಂಗಸರು ವಾರಕ್ಕೆ ಹತ್ತು ರೂಪಾಯಿ ಉಳಿಸಿದರೆ ವಾರಕ್ಕೆ 200, ವರ್ಷಕ್ಕೆ 10,400. ಅದರಲ್ಲಿ ಒಬ್ಬಳಿಗೆ ಸಾವಿರ ಬೇಕಾದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೊಡಬಹುದು. ಬಡ್ಡಿ ಕಟ್ಟದೆ ಬಿಟ್ಟರೂ ವರ್ಷಕ್ಕೆ 1,268 ಆಗುತ್ತೆ ಅಷ್ಟೇ. ಆ 268 ಕೂಡ ಜಮೀನ್ದಾರನ ಮನೆಗಲ್ಲ, ಗುಂಪಿನ ಡಬ್ಬಿಗೇ ವಾಪಸ್. ಪುಸ್ತಕ ಬರೆಯೋದು ಗುಂಪಿನಲ್ಲೇ ಓದು ಬಲ್ಲ ಒಬ್ಬಳು. ಓದು ಬಲ್ಲವಳು ಒಬ್ಬಳಾದರೂ ಬೇಕು ಅನ್ನೋದನ್ನ ಗಮನಿಸಿ, ಶಿಕ್ಷಣವೂ ಸಾಲವೂ ಗಂಟು ಬೀಳೋದು ಅಲ್ಲೇ.

ಇದು ಸ್ವಸಹಾಯ ಗುಂಪು, ನಮ್ಮ ಊರಿನ ಅಮ್ಮಂದಿರು 'ಸಂಘ' ಅಂತಾರಲ್ಲ ಅದೇ. ಈ ಕಲ್ಪನೆಗೂ ಕರ್ನಾಟಕಕ್ಕೂ ಹತ್ತಿರದ ನಂಟಿದೆ. ಬೆಂಗಳೂರಿನ ಮೈರಾಡಾ ಸಂಸ್ಥೆ 1984-85ರ ಹೊತ್ತಿಗೇ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿತ್ತು. ಆ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕ್ ಜೊತೆ ಜೋಡಿಸೋ ಪ್ರಯೋಗ ಶುರು ಮಾಡಿತು. ರಾಣಿ ಮರಿಯಾ ಉದಯನಗರಕ್ಕೆ ಬಂದ ವರ್ಷವೂ 1992. ಅವರು ಅಲ್ಲಿ ಮಾಡಿದ್ದು ಇದೇ ದಾರಿಯ ಕೆಲಸ: ಉಳಿತಾಯದ ಗುಂಪು ಕಟ್ಟಿಸೋದು, ಸರ್ಕಾರದ ಸಾಲ, ಯೋಜನೆ ಎಲ್ಲಿ ಸಿಗುತ್ತೆ ಅಂತ ಹೇಳೋದು, ಜನರನ್ನು ಬ್ಯಾಂಕಿಗೂ ಕಚೇರಿಗೂ ಕರೆದುಕೊಂಡು ಹೋಗೋದು, ಅಕ್ಷರ ಕಲಿಸೋದು. ಸಾಲಗಾರರು ಕಮ್ಮಿಯಾದರೆ ಪುಗಸಟ್ಟೆ ದುಡಿಯೋರೂ ಕಮ್ಮಿ. ಅದು ಕೆಲವರಿಗೆ ಸಹಿಸಲಿಲ್ಲ.

1995ರ ಫೆಬ್ರವರಿ 25ರ ಬೆಳಿಗ್ಗೆ ಅವರು ಉದಯನಗರದಿಂದ ಇಂದೋರ್ ಬಸ್ ಹತ್ತಿದರು. ನಾಚನ್‌ಬೋರ್ ಬೆಟ್ಟದ ಹತ್ತಿರ ಬಸ್ಸಿನಲ್ಲೇ, ಪ್ರಯಾಣಿಕರ ಎದುರಿಗೇ, ಒಬ್ಬ ಯುವಕ ಚಾಕುವಿನಿಂದ ಇರಿದು ಕೊಂದ. ದೇಹದ ಮೇಲೆ 54 ಗಾಯ. ವಯಸ್ಸು 41. ಬಸ್ಸಿನಲ್ಲಿದ್ದ ಯಾರೂ ಅಡ್ಡ ಬರಲಿಲ್ಲ. ಈ ವಾಕ್ಯ ಬರೆದು ನಾವು ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ. ನಾವು ಆ ಬಸ್ಸಲ್ಲಿ ಇದ್ದಿದ್ರೆ ಏನು ಮಾಡ್ತಿದ್ವಿ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡ್ವಿ, ಉತ್ತರ ಯಾರೂ ಕೊಡಲಿಲ್ಲ.

ಕೊಂದವನಿಗೆ ಜೀವಾವಧಿ ಶಿಕ್ಷೆ ಆಯ್ತು. ತನ್ನನ್ನು ಎತ್ತಿಕಟ್ಟಿದವರು ಬೇರೆ ಇದ್ದರು ಅಂತ ಅವನೇ ಆಮೇಲೆ ಹೇಳಿದ. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ಅವರೂ ಅದೇ ಸಭೆಯ ಸಿಸ್ಟರ್, ಜೈಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. ಕುಟುಂಬದವರು ಅವನ ಬಿಡುಗಡೆಗೆ ಒಪ್ಪಿಗೆ ಕೊಟ್ಟರು, 2006ರಲ್ಲಿ ಅವನು ಹೊರಗೆ ಬಂದ. ಕೇರಳಕ್ಕೆ ಹೋಗಿ ಅವರ ತಾಯಿಯನ್ನು ಕಂಡಾಗ ಆ ತಾಯಿ ಅವನ ಕೈಗೆ ಮುತ್ತಿಟ್ಟರಂತೆ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಚರ್ಚ್ ರಾಣಿ ಮರಿಯಾ ಅವರಿಗೆ ಸಂತ ಪದವಿಗೆ ಮುಂಚಿನ ಸ್ಥಾನ ಕೊಟ್ಟಿತು. ಕ್ಷಮೆಯ ವಿಷಯದಲ್ಲಿ ನಮ್ಮ ಮೂವರಲ್ಲಿ ಒಮ್ಮತ ಇಲ್ಲ. ಇಬ್ಬರಿಗೆ ಅದು ದೊಡ್ಡದು ಅನಿಸಿತು. ಒಬ್ಬಳು ಮಾತ್ರ, ಕ್ಷಮಿಸೋದು ಮನೆಯವರ ಹಕ್ಕು, ಆದರೆ ಎತ್ತಿಕಟ್ಟಿದವರು ಯಾರು ಅನ್ನೋದು ಹಾಗೇ ಉಳಿಯಿತಲ್ಲ ಅಂದಳು. ಅವಳ ಮಾತನ್ನೂ ಇಲ್ಲಿ ಬರೆದಿಡ್ತಿದ್ದೀವಿ.

ಬಡ್ಡಿ ಕಥೆ ಮಧ್ಯಪ್ರದೇಶದಲ್ಲೇ ಮುಗಿಯಿತು ಅಂದುಕೊಳ್ಳಬೇಡಿ. ಸಾಲ ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟು, ಜೀವ ಬಿಟ್ಟು ಆದ ಮೇಲೆ ನಮ್ಮ ಸರ್ಕಾರವೂ 2025ರಲ್ಲಿ ಅದನ್ನು ತಡೆಯೋಕೆ ಸುಗ್ರೀವಾಜ್ಞೆ ತರಬೇಕಾಯಿತು.

ಈಗ ನಮ್ಮ ತಗಡಿನ ಶೆಡ್‌ಗಳಿಗೆ ವಾಪಸ್ ಬರೋಣ. ಇಷ್ಟೆಲ್ಲ ಓದಿದ ಮೇಲೆ, ಫೆಸ್ಟ್ ಮುಗಿದ ವಾರ, ನಾವು ಮತ್ತೆ ಅಲ್ಲಿಗೆ ಹೋದ್ವಿ. ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳೇ ಇದ್ದರು. ನಾಳೆ ಬರ್ತೀರಾ ಅಂತ ಕೇಳಿದ್ದ ಹುಡುಗಿ ಇರಲಿಲ್ಲ. ಅವಳ ಕುಟುಂಬಕ್ಕೆ ಬೇರೆ ಸೈಟ್ ಸಿಕ್ಕಿತಂತೆ, ಎಲ್ಲಿ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾವು ಕೊಟ್ಟಿದ್ದ ಸ್ಲೇಟು ಒಂದು ಶೆಡ್ಡಿನ ಕಿಟಕಿಗೆ ಅಡ್ಡ ಇಟ್ಟಿದ್ದರು, ಗಾಳಿ ಬರದ ಹಾಗೆ. ಗಯಾ ಕಡೆಯ ಒಬ್ಬ ಅಣ್ಣ ಕಾಂಕ್ರೀಟ್ ಹಾಕ್ತಿದ್ದವರು ಚಹಾ ಕುಡಿಯೋಕೆ ಬಂದು ಕೂತರು. ನಮ್ಮ ಮುರುಕು ಹಿಂದಿಯಲ್ಲಿ ಸೈಕಲ್ ದೀದಿ ಗೊತ್ತಾ ಅಂತ ಕೇಳಿದ್ವಿ. ಇಲ್ಲ ಅಂದರು. ದಶರಥ ಮಾಂಝಿ ಅಂದಾಗ ನಕ್ಕು, ಆ ದಾರಿಯಲ್ಲಿ ನಡೆದಿದ್ದೀನಿ ಅಂದರು.

ಅವತ್ತು ಸ್ಲೇಟಿನ ಬದಲು ಬೇರೆ ಕೆಲಸ ಮಾಡಿದ್ವಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಒಂಬತ್ತನೇ ಸೆಕ್ಷನ್ ತೆಗೆದು ನೋಡಿದ್ವಿ. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸೋದು ಸ್ಥಳೀಯ ಆಡಳಿತದ ಕರ್ತವ್ಯ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸೋ ಹಾಗಿಲ್ಲ ಅಂತಲೂ ಇದೆ. ಕ್ಯಾಂಪಸ್ ಹಿಂದಿನ ಗೇಟಿನಿಂದ ಸರ್ಕಾರಿ ಶಾಲೆಗೆ ನಡೆದರೆ ಹನ್ನೆರಡು ನಿಮಿಷ, ನಾವೇ ನಡೆದು ನೋಡಿದ್ವಿ. ಮಧ್ಯೆ ಹೆದ್ದಾರಿ ದಾಟಬೇಕು, ಅದಕ್ಕೇ ತಾಯಂದಿರು ಕಳಿಸ್ತಿಲ್ಲ. ಹೆಡ್ ಮಿಸ್ ಹತ್ತಿರ ಮಾತಾಡಿದ್ವಿ. "ಸೇರಿಸ್ಕೋತೀನಿ ಕಣ್ರಪ್ಪ, ಆದ್ರೆ ದಿನಾ ಕರ್ಕೊಂಡು ಬರೋರು ಯಾರು?" ಅಂದರು.

ಅದಕ್ಕೆ ಈ ಲೇಖನದ ಕೊನೆಯಲ್ಲಿ ಒಂದು ಟೈಮ್‌ಟೇಬಲ್ ಹಾಕ್ತಿದ್ದೀವಿ. ಏಳು ಮಕ್ಕಳು, ಬೆಳಿಗ್ಗೆ ಒಂಬತ್ತಕ್ಕೆ ಶೆಡ್ ಹತ್ತಿರದಿಂದ ಶಾಲೆಗೆ, ಸಂಜೆ ನಾಲ್ಕೂಕಾಲಿಗೆ ವಾಪಸ್. ಸೋಮವಾರ ಮತ್ತು ಗುರುವಾರ ನಾವು ಮೂವರು ನೋಡಿಕೊಳ್ತೀವಿ. ಮಂಗಳವಾರ ಮೆಕ್ಯಾನಿಕಲ್‌ನ ಇಬ್ಬರು ಒಪ್ಪಿದ್ದಾರೆ. ಬುಧವಾರ, ಶುಕ್ರವಾರ, ಶನಿವಾರ ಖಾಲಿ ಇದೆ. ಹಾಸ್ಟೆಲ್ ಬ್ಲಾಕ್ ಮುಗಿಯೋಕೆ ಇನ್ನೂ ಎಂಟು ತಿಂಗಳು ಬೇಕಂತೆ, ಅಲ್ಲಿವರೆಗೆ. ಇಂಟರ್ನಲ್ಸ್ ವಾರವೂ ಸೇರಿ. ಬರೋರು ಕನ್ನಡ ಸಂಘದ ರೂಮಿನ ಬಾಗಿಲಿಗೆ ಅಂಟಿಸಿರೋ ಹಾಳೆಯಲ್ಲಿ ಹೆಸರು ಬರೀರಿ. ಫೋಟೋ ತೆಗೆಯಲ್ಲ.